ಮೇಷ್ಟ್ರಿಗೊಂದು ಪ್ರಶ್ನೆ: ಉತ್ತರ ಯಾವ ಕಡೆ ಅಂದರೆ ಸೂರು ತೋರಿಸಿದಳು

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ಮಗಳು ಎಂಟನೇ ತರಗತಿ. ಪೋಷಕರ ಸಭೆಯಲ್ಲಿ ಭೂಗೋಳದ ‘ಕಲಿಕಾ ಫಲ’ಗಳ ಹಾಳೆ ಕೊಟ್ಟು ಸಹಿ ಹಾಕಿಸಿಕೊಂಡರು. ಎಲ್ಲದರ ಮುಂದೆಯೂ ‘ಸಾಧಿಸಿದ್ದಾಳೆ’ ಅಂತ ಟಿಕ್ ಇದೆ. ಅಂಕವೂ ಚೆನ್ನಾಗಿದೆ. ಮೊನ್ನೆ ಮನೆಯಲ್ಲಿ ಉತ್ತರ ಯಾವ ಕಡೆ ಎಂದು ಕೇಳಿದರೆ ಸೂರು ತೋರಿಸಿದಳು. ಈ ಹಾಳೆಯನ್ನು ನಾನು ಹೇಗೆ ಓದಬೇಕು? ಭೂಗೋಳ ಕಲಿಸುವುದಾದರೂ ಯಾಕೆ?
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ತಾಯೀ, ಮಗಳನ್ನು ಬೈಯಬೇಡಿ. ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಸಮಾಜ ವಿಜ್ಞಾನ ಕಲಿಸಿದ್ದೇನೆ, ಸೂರು ತೋರಿಸುವ ಮಕ್ಕಳನ್ನು ಪ್ರತಿ ವರ್ಷ ಕಂಡಿದ್ದೇನೆ. ನಕ್ಷೆಯನ್ನು ಗೋಡೆಗೆ ನೇತುಹಾಕಿ ‘ಮೇಲ್ಗಡೆ ಉತ್ತರ’ ಎಂದು ಹೇಳಿಕೊಡುವವರು ನಾವೇ. ಮಗು ನಮ್ಮ ಮಾತು ನಂಬಿತು, ಅಷ್ಟೆ.

ಕೆಲಸಕ್ಕೆ ಸೇರಿದ ಮೂರನೆಯ ವರ್ಷ ನಾನು ಭಾರತದ ನಕ್ಷೆಯನ್ನು ಗೋಡೆಯಿಂದ ಇಳಿಸಿ ಅಂಗಳಕ್ಕೆ ಒಯ್ದೆ. ಬಟ್ಟೆ ಅಂಟಿಸಿದ, ಮೇಲೆ ಕೆಳಗೆ ಮರದ ಕೋಲಿದ್ದ ಹಳೆಯ ನಕ್ಷೆ. ನೆಲದ ಮೇಲೆ ಹಾಸಿ, ನಕ್ಷೆಯ ಉತ್ತರ ಊರಿನ ಉತ್ತರಕ್ಕೆ ಹೊಂದುವಂತೆ ತಿರುಗಿಸಿ, ನಾಲ್ಕು ಮೂಲೆಗೂ ಕಲ್ಲಿಟ್ಟೆ. ಮಕ್ಕಳು ಸುತ್ತ ಕೂತರು. ಸ್ವಲ್ಪ ಹೊತ್ತು ಸುಮ್ಮನಿದ್ದ ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಹಂಗಾದ್ರೆ ಸಮುದ್ರ ನಮ್ ನೀರಿನ ಟ್ಯಾಂಕ್ ಹಿಂದ್ಗಡೆ ಐತೆ!” ಅಂದಳು. ಟ್ಯಾಂಕು ಶಾಲೆಯ ಪಶ್ಚಿಮಕ್ಕಿತ್ತು. ಆಮೇಲೆ ನಾನು ದಿಕ್ಕಿನ ಪಾಠವನ್ನು ಗೋಡೆಯ ಮೇಲೆ ಮಾಡಲೇ ಇಲ್ಲ.

ಇನ್ನು ನಿಮ್ಮ ಹಾಳೆ. ಪಠ್ಯಕ್ರಮದ ಗುರಿ ಎನ್ನುವುದು ದೊಡ್ಡ ಮಾತು: ತಾನಿರುವ ನೆಲ, ಮಳೆ, ಮಣ್ಣು, ಅದರ ಮೇಲಿನ ಬದುಕು ಯಾಕೆ ಹೀಗಿವೆ ಎಂದು ಮಗುವಿಗೆ ತಿಳಿಯಬೇಕು. ಅದನ್ನು ಒಂದು ವರ್ಷದಲ್ಲಿ ಅಳೆಯಲಾಗದು. ಅದಕ್ಕೇ ಕಲಿಕಾ ಫಲಗಳು ಬಂದವು. ದೇಶದ ಶಾಲಾ ಪಠ್ಯಕ್ಕೆ ಮಾದರಿ ರೂಪಿಸುವ ಸಂಸ್ಥೆ ಎನ್‌ಸಿಇಆರ್‌ಟಿ 2017ರಲ್ಲಿ ಎಂಟನೇ ತರಗತಿವರೆಗಿನ ಪಟ್ಟಿಯನ್ನು ಹೊರತಂದಿತು. ಪಾಠ ಮುಗಿದ ಮೇಲೆ ಮಗು ಏನು ಮಾಡಿ ತೋರಿಸುತ್ತದೆ ಎನ್ನುವುದನ್ನು ಅದರಲ್ಲಿ ಬರೆದಿದ್ದಾರೆ. ಹಾಗಾಗಿ ಹಾಳೆ ಓದುವಾಗ ವಾಕ್ಯದ ಕೊನೆಯ ಕ್ರಿಯಾಪದ ನೋಡಿ. ‘ಗುರುತಿಸುತ್ತಾಳೆ’, ‘ಕಾರಣ ವಿವರಿಸುತ್ತಾಳೆ’, ‘ಹೋಲಿಸುತ್ತಾಳೆ’, ‘ಸಮರ್ಥಿಸುತ್ತಾಳೆ’ ಎಂದಿರುತ್ತದೆ. ‘ಬಾಯಿಪಾಠ ಒಪ್ಪಿಸುತ್ತಾಳೆ’ ಎಂದು ಎಲ್ಲೂ ಇಲ್ಲ. ಪಟ್ಟಿ ಒಳ್ಳೆಯದೇ. ಆದರೆ ಮಾಡಿಸಿ ನೋಡದೆ ಟಿಕ್ ಹಾಕುವುದು ಮಗುವಿಗೆ ಮಾಡುವ ಅನ್ಯಾಯ, ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಪಠ್ಯಪುಸ್ತಕ ಹೇಳುವಂತೆ ಕರ್ನಾಟಕದಲ್ಲಿ ಅತಿ ಹೆಚ್ಚು ಮಳೆ ಎಲ್ಲಿ? ಆಗುಂಬೆ. ಅತಿ ಕಡಿಮೆ? ಚಳ್ಳಕೆರೆ ಹತ್ತಿರದ ನಾಯಕನಹಟ್ಟಿ. ಇಷ್ಟು ಹೇಳಿದರೆ ಎರಡು ಅಂಕ ಬರುತ್ತದೆ, ಕಲಿಕಾ ಫಲ ಬರುವುದಿಲ್ಲ. ನಿಮಗೆ ಅದನ್ನು ನೋಡಲು ಅಷ್ಟು ದೂರ ಹೋಗುವುದೂ ಬೇಡ. ಮಗಳನ್ನು ಕರೆದುಕೊಂಡು ಸಕಲೇಶಪುರದಿಂದ ಹಾಸನದ ಮೇಲೆ ಅರಸೀಕೆರೆಗೆ ಬಸ್ಸಿನಲ್ಲಿ ಬನ್ನಿ, ಕಿಟಕಿ ಪಕ್ಕದ ಸೀಟು ಅವಳಿಗೆ ಕೊಡಿ. ಮೊದಲು ಕಾಫಿ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಗದ್ದೆ. ಹಾಸನದ ಸುತ್ತ ಆಲೂಗಡ್ಡೆ, ಮುಸುಕಿನ ಜೋಳ. ಅರಸೀಕೆರೆ ಹತ್ತಿರವಾದಂತೆ ರಾಗಿ ಹೊಲ, ತೆಂಗು. ಒಂದೇ ಜಿಲ್ಲೆ, ಎರಡು ಎರಡೂವರೆ ಗಂಟೆಯ ದಾರಿ. ಅರಬ್ಬೀ ಸಮುದ್ರದಿಂದ ಬಂದ ಮೋಡ ಘಟ್ಟ ಹತ್ತುವಾಗ ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ಘಟ್ಟ ದಾಟಿ ಇಳಿಯುವ ಗಾಳಿಯಲ್ಲಿ ಹೆಚ್ಚು ಪಸೆ ಉಳಿದಿರುವುದಿಲ್ಲ. ‘ಮಳೆ ನೆರಳಿನ ಪ್ರದೇಶ’ ಎಂದರೆ ನಿಮ್ಮ ಮನೆಯೇ. ಮನೆಯ ಸಾರಿಗೆ ರಾಗಿಮುದ್ದೆ ಯಾಕೆ ಜೊತೆಯಾಯಿತು ಎಂದು ಅವಳೇ ವಿವರಿಸಲಿ.

ಸಕಲೇಶಪುರದಲ್ಲಿ ಇನ್ನೊಂದು ಕೇಳಿ. ಅಲ್ಲಿ ಹರಿಯುವ ಹೇಮಾವತಿಗೆ ಅರಬ್ಬೀ ಸಮುದ್ರ ಹತ್ತಿರ, ಆದರೂ ಅದು ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಶಿರಾಡಿಯ ಕೆಂಪುಹೊಳೆ ಮಾತ್ರ ಕೊನೆಗೆ ನೇತ್ರಾವತಿ ಸೇರಿ ಪಶ್ಚಿಮಕ್ಕೆ ಇಳಿಯುತ್ತದೆ. ಯಾಕೆ? ಉತ್ತರ ಹುಡುಕುತ್ತ ಅವಳು ನೆಲದ ಇಳಿಜಾರು ನೋಡಲು ಕಲಿಯುತ್ತಾಳೆ. ಎಂಟನೇ ತರಗತಿಯ ಪಟ್ಟಿಯಲ್ಲಿ ಭೂಕುಸಿತದ ಕಾರಣ ವಿವರಿಸುವುದೂ ಇದೆ. 2024ರ ಜುಲೈ ಒಂದೇ ತಿಂಗಳಲ್ಲಿ ಅಂಕೋಲಾದ ಶಿರೂರಿನಲ್ಲಿ, ವಯನಾಡಿನಲ್ಲಿ ಗುಡ್ಡ ಜಾರಿ ಜನ ಸತ್ತರು. ರಸ್ತೆಗಾಗಿ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದದ್ದು ಕಂಡಾಗ ‘ಮಳೆ ಜೋರಾದರೆ ಇದು ನಿಲ್ಲುತ್ತದಾ’ ಎಂದು ಕೇಳುವ ಮಗು ನನಗೆ ಬೇಕು. ಈ ವಿಷಯದಲ್ಲಿ ನನ್ನ ಆಸೆ ಬಹಳ ದೊಡ್ಡದು.

ದಿಕ್ಕಿಗೆ ಮನೆಯಲ್ಲೇ ಒಂದು ಕೆಲಸ ಮಾಡಿ. ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನೆಡಿ. ಹನ್ನೆರಡರಿಂದ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಲಿ. ಅತಿ ಗಿಡ್ಡ ನೆರಳಿನ ಗೆರೆಯೇ ಉತ್ತರ-ದಕ್ಷಿಣ. ಅದು ಸರಿಯಾಗಿ ಹನ್ನೆರಡಕ್ಕೆ ಬೀಳದು. ನಮ್ಮ ಗಡಿಯಾರ 82°30′ ಪೂರ್ವ ರೇಖಾಂಶದ ಸೂರ್ಯನಿಗೆ ಹೊಂದಿಸಿದ್ದು, ಅರಸೀಕೆರೆ ಅದಕ್ಕಿಂತ ಪಶ್ಚಿಮಕ್ಕೆ, ಹತ್ತಿರಹತ್ತಿರ 76°15′. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ 25 ನಿಮಿಷ ತಡ. ಕೆಲವು ತಿಂಗಳು ಹತ್ತು ಹದಿನೈದು ನಿಮಿಷ ಹಿಂದೆಮುಂದಾಗುತ್ತದೆ. ಚಳಿಗಾಲದಲ್ಲಿ ಆ ನೆರಳು ಉತ್ತರಕ್ಕೆ ಬೀಳುತ್ತದೆ. ಏಪ್ರಿಲ್ ಕೊನೆಯಲ್ಲಿ ಒಂದು ದಿನ ಕೋಲಿಗೆ ನೆರಳೇ ಇರದು, ಆಮೇಲೆ ಆಗಸ್ಟ್ ಮಧ್ಯದವರೆಗೆ ದಕ್ಷಿಣಕ್ಕೆ. ಇಷ್ಟನ್ನು ಕಣ್ಣಾರೆ ಕಂಡ ಮಗು ಮತ್ತೆ ಸೂರು ತೋರಿಸುವುದಿಲ್ಲ.

ಪ್ರಶ್ನೆ: ಸರ್, ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕ. ‘ಭೂಪಟ ಕೌಶಲ’ ಸಾಧಿಸಬೇಕು ಅಂತ ಪಾಠ ಯೋಜನೆಯಲ್ಲಿ ಬರೆಯುತ್ತೇನೆ, ಶಾಲೆಯಲ್ಲಿ ಒಳ್ಳೆಯ ನಕ್ಷೆ ಇಲ್ಲ. ಏನು ಮಾಡಲಿ?
– ಒಬ್ಬ ಶಿಕ್ಷಕ, ರಾಯಚೂರು ಜಿಲ್ಲೆ

ಉತ್ತರ: 1767ರಲ್ಲಿ ಶುರುವಾದ ಭಾರತೀಯ ಸರ್ವೇಕ್ಷಣಾ ಇಲಾಖೆ ನೆಲದ ಏರುತಗ್ಗು, ಹೊಳೆ, ದಾರಿ, ಊರು ತೋರಿಸುವ ತನ್ನ ಸ್ಥಳಾಕೃತಿ ನಕ್ಷೆಗಳನ್ನು 2017ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಕೊಡುತ್ತಿದೆ. ನಿಮ್ಮ ಊರಿರುವ ಹಾಳೆ ಇಳಿಸಿಕೊಂಡು, ಅಳತೆ ಬದಲಾಗದಂತೆ ಪೇಟೆಯಲ್ಲಿ ಪ್ರಿಂಟ್ ಹಾಕಿಸಿ. 1:50,000 ಅಳತೆ ಎಂದರೆ 2 ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಮೊದಲ ದಿನ ಸಮೋನ್ನತಿ ರೇಖೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ), ಚಿಹ್ನೆ ಎಂದು ಶುರುಮಾಡಬೇಡಿ. ಪ್ರತಿ ಮಗುವಿಗೂ ಒಂದು ಮೊಳ ದಾರ ಕೊಡಿ. ಶಾಲೆಯ ಚುಕ್ಕೆಯಿಂದ ತಮ್ಮ ಊರಿನವರೆಗೆ ದಾರಿಯ ಡೊಂಕಿನಂತೆಯೇ ದಾರ ಇಟ್ಟು, ಆಮೇಲೆ ಸ್ಕೇಲಿನ ಮೇಲೆ ಎಳೆದು ಅಳೆಯಲಿ. ದಿನಾ ನಡೆದುಬರುವ ಮಕ್ಕಳೇ ಮೊದಲು ಕೈ ಎತ್ತುತ್ತಾರೆ, ಅವರಿಂದಲೇ ಹೇಳಿಸಿ.