ಕಾಂಗಾ ಜೋಡಿಯನ್ನು ಎಲ್ಲಿ ಕತ್ತರಿಸಬೇಕು

ಅಕ್ಕ, ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಿಂದ ನಿಮ್ಮ ತಮ್ಮ ತಂದುಕೊಟ್ಟ ಬಟ್ಟೆಯನ್ನು ಕುರ್ತಾಕ್ಕೆ ಬಳಸಬಹುದೇ, ಬಣ್ಣ ಬಿಡುತ್ತದೆಯೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಕತ್ತರಿ ಹಾಕಬೇಡಿ. ಅದು ಒಂದೇ ಬಟ್ಟೆಯಲ್ಲ, ಕೂಡಿಕೊಂಡೇ ಇರುವ ಒಂದೇ ಅಚ್ಚಿನ ಎರಡು ಕಾಂಗಾ, ಅಂದರೆ ಮೈಗೆ ಸುತ್ತಿಕೊಳ್ಳುವ ಅಚ್ಚಿನ ಹತ್ತಿಬಟ್ಟೆ. ಪೂರ್ವ ಆಫ್ರಿಕಾದ ಕರಾವಳಿಯಲ್ಲಿ ಅದನ್ನು ಜೋಡಿಯಾಗಿಯೇ ಮಾರುತ್ತಾರೆ. ಜೋಡಿಗೆ ‘ದೋತಿ’ ಎನ್ನುತ್ತಾರೆ. ಹೆಂಗಸರು ಒಂದನ್ನು ಸೊಂಟಕ್ಕೆ ಸುತ್ತಿಕೊಂಡು ಇನ್ನೊಂದನ್ನು ತಲೆ, ಹೆಗಲ ಮೇಲೆ ಹೊದೆಯುತ್ತಾರೆ.

ನೀವು ಕಳಿಸಿದ ಬಟ್ಟೆಯ ಚಿತ್ರದಲ್ಲಿ ಎಲ್ಲವೂ ಸ್ಪಷ್ಟವಾಗಿದೆ. ನಾಲ್ಕೂ ಸುತ್ತಿನ ಅಗಲವಾದ ಅಂಚು ‘ಪಿಂಡೋ’, ನಡುವಿನ ಚಿತ್ತಾರ ‘ಮ್ಜಿ’, ಅದರ ಕೆಳಗೆ ಪಟ್ಟಿಯಲ್ಲಿ ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಅಚ್ಚಾಗಿರುವ ಸಾಲು ‘ಜಿನಾ’. ನಿಮ್ಮದರಲ್ಲಿ ‘ಹಾಬಾ ನ ಹಾಬಾ ಹುಜಾಜಾ ಕಿಬಾಬಾ’ ಎಂದಿದೆ. ನಮ್ಮ ‘ಹನಿ ಹನಿ ಕೂಡಿದರೆ ಹಳ್ಳ’ದಂಥ ಗಾದೆ. ಯಾರಿಗಾದರೂ ಕೊಡುವ ಮುನ್ನ ಈ ಸಾಲನ್ನು ಓದಿಸಿಕೊಳ್ಳುವುದು ಒಳ್ಳೆಯದು. ತಾಯಿಯನ್ನು ಹೊಗಳುವ ಸಾಲುಗಳಿರುವಂತೆ ನೆರೆಯವಳಿಗೋ ಸವತಿಗೋ ಚುಚ್ಚುವ ಸಾಲುಗಳೂ ಇರುತ್ತವೆ, ಅಲ್ಲಿನವರು ಸಾಲು ನೋಡಿಯೇ ಕೊಳ್ಳುತ್ತಾರೆ. ಕೀನ್ಯಾದ ಮೊಂಬಾಸಾದಲ್ಲಿ 1887ರಲ್ಲಿ ಅಂಗಡಿ ತೆರೆದ ಕಾದರ್‌ದೀನಾ ಹಾಜಿ ಎಸ್ಸಾಕ್ ಅವರ ಕಾಂಗಾಗಳ ಮೇಲೆ ‘ಮಾಲಿ ಯಾ ಅಬ್ದುಲ್ಲಾ’ (ಅಬ್ದುಲ್ಲಾನ ಸರಕು) ಎಂಬ ಗುರುತು ಇರುತ್ತಿತ್ತು. ಮೊದಲು ಅರಬ್ಬಿ ಲಿಪಿಯಲ್ಲಿದ್ದ ಬರಹ ಆಮೇಲೆ ರೋಮನ್ ಲಿಪಿಗೆ ಬಂತು.

ಈಗ ಕೆಲಸದ ಮಾತು. ಎರಡು ಕಾಂಗಾಗಳ ಅಂಚುಗಳು ಕೂಡುವಲ್ಲಿ ಮಾತ್ರ ಕತ್ತರಿಸಿ. ಒಂದೊಂದೂ ಸುಮಾರು 150 ಸೆಂಟಿಮೀಟರ್ ಉದ್ದ, 110 ಸೆಂಟಿಮೀಟರ್ ಅಗಲ ಸಿಗುತ್ತದೆ. ಉದ್ದದ ಬದಿಗಳು ಮಗ್ಗದ ಅಂಚೇ ಆದ್ದರಿಂದ ಎಳೆ ಬಿಡುವುದಿಲ್ಲ. ಕತ್ತರಿಸಿದ ಎರಡು ಗಿಡ್ಡ ಬದಿಗಳನ್ನು ಎರಡು ಸಲ ಸಣ್ಣದಾಗಿ ಮಡಚಿ ಹೊಲಿದರೆ ಸಾಕು.

ಬಣ್ಣದ ವಿಷಯಕ್ಕೆ, ಒದ್ದೆ ಬಿಳಿ ಬಟ್ಟೆಯಿಂದ ಕೆಂಪು, ಕಪ್ಪು ಭಾಗಗಳನ್ನು ಉಜ್ಜಿ ನೋಡಿ. ಕಲೆ ಹತ್ತಿದರೆ ಮೊದಲ ಕೆಲವು ಸಲ ತಣ್ಣೀರಿನಲ್ಲಿ ಬೇರೆಯಾಗಿಯೇ ಒಗೆಯಿರಿ, ನೆನೆಹಾಕಬೇಡಿ, ನೆರಳಿನಲ್ಲಿ ಒಣಗಿಸಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ಕೆಲವರು ಹೇಳುತ್ತಾರೆ, ಅಚ್ಚಾದ ಬಟ್ಟೆಯಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ಒಗೆದಂತೆಲ್ಲ ಗಂಜಿ ಹೋಗಿ ಬಟ್ಟೆ ತುಂಬ ಮೆತ್ತಗಾಗುತ್ತದೆ. ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳಲು ಅಲ್ಲಿನ ತಾಯಂದಿರು ಅದನ್ನೇ ಬಳಸುತ್ತಾರೆ.

ಕುರ್ತಾ ಬೇಕೇ ಬೇಕೆಂದರೆ ತಮ್ಮನಿಗೆ ಹೇಳಿ ‘ಕಿಟೆಂಗೆ’ ಎಂಬ ಇನ್ನೊಂದು ಬಗೆಯ ಅಚ್ಚಿನ ಬಟ್ಟೆ ತರಿಸಿಕೊಳ್ಳಿ. ಅದರಲ್ಲಿ ಸುತ್ತಂಚೂ ಇಲ್ಲ, ಸಾಲೂ ಇಲ್ಲ, ಗಜದ ಲೆಕ್ಕದಲ್ಲಿ ಸಿಗುತ್ತದೆ, ತುಸು ದಪ್ಪವಾಗಿರುವುದರಿಂದ ಹೊಲಿಗೆಗೂ ಚೆನ್ನಾಗಿ ಕೂರುತ್ತದೆ.