ಟ್ರೀ ಬಿದ್ದರೆ ಎತ್ತಿ ನಿಲ್ಲಿಸಬಹುದು, ಜರಿ ನುಂಗಿದರೆ ಕಷ್ಟ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮನೆಯಲ್ಲಿ ಎಂಟು ತಿಂಗಳ ಗಂಡು ಬೆಕ್ಕಿದೆ. ಪ್ರತಿ ಡಿಸೆಂಬರಿನಲ್ಲೂ ಐದಡಿಯ ಪ್ಲಾಸ್ಟಿಕ್ ಕ್ರಿಸ್‌ಮಸ್ ಟ್ರೀ ನಿಲ್ಲಿಸಿ ಪಕ್ಕದಲ್ಲೇ ಗೋದಲಿ ಕಟ್ಟುತ್ತೇವೆ. ಈ ಸಲ ಎರಡು ದಿನದಲ್ಲಿ ಟ್ರೀ ಮೂರು ಸಲ ಬಿತ್ತು. ಗೋದಲಿಗೆಂದು ಮಕ್ಕಳು ತಟ್ಟೆಯಲ್ಲಿ ಬೆಳೆಸಿದ ಭತ್ತದ ಸಸಿಯನ್ನು ಮೇಯ್ದು ಅದರ ಮೇಲೇ ಮಲಗುತ್ತದೆ. ಹೊಡೆದರೂ ಬುದ್ಧಿ ಬಂದಿಲ್ಲ. ಈ ವರ್ಷ ಟ್ರೀಯೇ ಬೇಡ ಅನ್ನುತ್ತಾರೆ ಅತ್ತೆ. ಏನು ಮಾಡಲಿ?
– ಓದುಗರು, ಮಂಗಳೂರು

ಉತ್ತರ: ಮೊದಲು ಹೊಡೆಯುವುದನ್ನು ನಿಲ್ಲಿಸಿ ಅಮ್ಮಾ. ಏಟು ಯಾಕೆ ಬಿತ್ತು ಅಂತ ಬೆಕ್ಕಿಗೆ ತಿಳಿಯುವುದಿಲ್ಲ. ನಿಮ್ಮನ್ನು ಕಂಡರೆ ಮಂಚದ ಕೆಳಗೆ ಓಡುವುದನ್ನಷ್ಟೇ ಕಲಿಯುತ್ತದೆ, ನೀವು ಅಡುಗೆಮನೆಗೆ ಹೋದ ಕೂಡಲೇ ಮತ್ತೆ ಹತ್ತುತ್ತದೆ. ಎಂಟು ತಿಂಗಳು ಅಂದರೆ ಹುಡುಗಾಟದ ವಯಸ್ಸು. ಹಾಲ್ ನಡುವೆ ಮರ ತಂದು ನಿಲ್ಲಿಸಿ, ಅದಕ್ಕೆ ಅಲ್ಲಾಡುವ ಚೆಂಡು ಕಟ್ಟಿ, ಹತ್ತಬೇಡ ಅಂದರೆ ಹೇಗೆ? ಬೆಕ್ಕನ್ನು ತಿದ್ದುವುದಕ್ಕಿಂತ ಟ್ರೀಯನ್ನು ತಿದ್ದುವುದು ಸುಲಭ.

ಈ ಪ್ಲಾಸ್ಟಿಕ್ ಟ್ರೀಗಳ ಜೊತೆ ಬರುವ ಮೂರು ಕಾಲಿನ ಸ್ಟ್ಯಾಂಡ್ ತೀರಾ ಹಗುರ. ಕಾಲುಗಳ ಮೇಲೆ ಮರಳು ತುಂಬಿದ ಚೀಲವನ್ನೋ ಎರಡು ಇಟ್ಟಿಗೆಯನ್ನೋ ಇಟ್ಟು ಮೇಲೊಂದು ಬಟ್ಟೆ ಹೊದಿಸಿ. ಆಮೇಲೆ ಟ್ರೀಯ ಮೇಲ್ಭಾಗಕ್ಕೆ ಮೀನು ಹಿಡಿಯುವ ನೈಲಾನ್ ದಾರ ಕಟ್ಟಿ, ಗೋಡೆಯ ಮೊಳೆಗೋ ಕಿಟಕಿ ಸರಳಿಗೋ ಬಿಗಿದುಬಿಡಿ. ನಿಮ್ಮೂರಲ್ಲಿ ಆ ದಾರಕ್ಕೇನೂ ಬರವಿಲ್ಲ, ಅಲ್ವಾ? ಸೋಫಾ, ಟೀವಿ ಸ್ಟ್ಯಾಂಡ್ ಪಕ್ಕದಲ್ಲಿ ಟ್ರೀ ಇಡಬೇಡಿ, ಅಲ್ಲಿಂದಲೇ ಅದು ಹಾರುವುದು. ಮೂರ್ನಾಲ್ಕು ದಿನ ಬರೀ ಟ್ರೀ ಇರಲಿ, ಮೂಸಿ ಮೂಸಿ ಅದಕ್ಕೇ ಬೇಜಾರಾಗುತ್ತದೆ. ಅಲಂಕಾರ ಆಮೇಲೆ. ಗಾಜಿನ ಚೆಂಡುಗಳನ್ನು ಮೇಲೆ ಕಟ್ಟಿ, ಕೆಳಗೆ ಬಟ್ಟೆಯದ್ದೋ ಮರದ್ದೋ ಸಾಕು. ಬುಡದಲ್ಲಿ ಕಿತ್ತಳೆ ಸಿಪ್ಪೆ ಇಟ್ಟರೆ ಕೆಲವು ಬೆಕ್ಕುಗಳು ದೂರ ಇರುತ್ತವೆ. ನಮ್ಮನೆಯದು ಆ ಸಿಪ್ಪೆಯಲ್ಲೇ ಫುಟ್‌ಬಾಲ್ ಆಡಿತು, ಆ ಮಾತು ಬೇರೆ.

ನನಗೆ ನಿಜವಾಗಿ ಹೆದರಿಕೆ ಇರುವುದು ಟ್ರೀಗೆ ಸುತ್ತುವ ಹೊಳೆಯುವ ಜರಿ ಮಾಲೆಯದ್ದು. ಬೆಕ್ಕಿನ ನಾಲಿಗೆಯ ಮುಳ್ಳುಗಳು ಒಳಮುಖವಾಗಿವೆ, ಒಂದು ಸಲ ಎಳೆ ಸಿಕ್ಕಿತೋ ಉಗುಳುವುದು ಕಷ್ಟ, ನುಂಗುತ್ತಲೇ ಹೋಗುತ್ತದೆ. ಆ ಎಳೆಯ ಒಂದು ತುದಿ ನಾಲಿಗೆ ಬುಡದಲ್ಲೋ ಹೊಟ್ಟೆಯಲ್ಲೋ ಸಿಕ್ಕಿಕೊಂಡು, ಇನ್ನೊಂದು ತುದಿ ಕರುಳಿನಲ್ಲಿ ಮುಂದೆ ಸಾಗಿದರೆ, ಲಾಡಿ ಎಳೆದ ಪೈಜಾಮದ ಸೊಂಟದ ಹಾಗೆ ಕರುಳು ನೆರಿಗೆ ಬೀಳುತ್ತದೆ, ದಾರ ಅದನ್ನು ಕೊಯ್ದುಬಿಡಲೂಬಹುದು. ಆಗ ಆಪರೇಷನ್ನೇ ಗತಿ. ಬಾಯಿಂದಲೋ ಹಿಂದಿನಿಂದಲೋ ಎಳೆ ನೇತಾಡುತ್ತಿದ್ದರೆ ದಯವಿಟ್ಟು ಎಳೆಯಬೇಡಿ, ಕತ್ತರಿಸಲೂ ಬೇಡಿ, ಹಾಗೇ ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿ. ಊಟ ಬಿಟ್ಟು ವಾಂತಿ ಮಾಡುತ್ತಿದ್ದರೂ ಅಷ್ಟೇ. ಬೆಕ್ಕಿರುವ ಮನೆಗೆ ಜರಿ ಬೇಡ, ಇದರಲ್ಲಿ ನನಗೆ ರಾಜಿಯೇ ಇಲ್ಲ. ಗಿಫ್ಟ್ ಕಟ್ಟುವ ರಿಬ್ಬನ್ನಿಗೂ ಇದೇ ಮಾತು.

ಇನ್ನು ಭತ್ತದ ಸಸಿ. ಬೆಕ್ಕು ಹುಲ್ಲು ತಿನ್ನುವುದು ಸಹಜ, ಔಷಧಿ ಹೊಡೆಯದ ಬೀಜವಾದರೆ ಚಿಂತೆಯಿಲ್ಲ. ಇನ್ನೊಂದು ತಟ್ಟೆಯಲ್ಲಿ ಅದರದ್ದೇ ಪಾಲು ಬಿತ್ತಿ, ಗೋದಲಿಯಿಂದ ದೂರ ಇಡಿ. ಅತ್ತೆಯವರಿಗೆ ಹೇಳಿ, ಟ್ರೀ ಇರಲಿ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಮರಿ ಟ್ರೀಯ ಸೀರಿಯಲ್ ಲೈಟಿನ ವೈರ್ ಕಚ್ಚುತ್ತದೆ. ಹೋದ ವರ್ಷ ಟ್ರೀ ಕೆಳಗಿಟ್ಟ ಪ್ಲಮ್ ಕೇಕನ್ನು ಡಬ್ಬದ ಸಮೇತ ಎಳೆದಿತ್ತಂತೆ ಇದರ ಅಮ್ಮ! ಏನೂ ಆಗಲಿಲ್ಲವಂತೆ. ಹಾಗಾದರೆ ಕೇಕ್ ಕೊಡಬಹುದಾ?
– ಓದುಗರು, ಬೆಂಗಳೂರು

ಉತ್ತರ: ಬೇಡ. ಅಮ್ಮನ ಅದೃಷ್ಟ ಚೆನ್ನಾಗಿತ್ತು, ಅಷ್ಟೇ. ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸಬಲ್ಲದು. ಇಷ್ಟು ತಿಂದರೆ ಪರವಾಗಿಲ್ಲ ಅನ್ನುವ ಲೆಕ್ಕವೂ ಇಲ್ಲ, ಒಂದು ನಾಯಿ ಹಿಡಿ ತುಂಬ ತಿಂದು ಬಾಲ ಅಲ್ಲಾಡಿಸುತ್ತದೆ, ಇನ್ನೊಂದಕ್ಕೆ ನಾಲ್ಕು ದ್ರಾಕ್ಷಿಯೇ ಜಾಸ್ತಿಯಾಗುತ್ತದೆ. ಪ್ಲಮ್ ಕೇಕಿನಲ್ಲಿ ದ್ರಾಕ್ಷಿಯನ್ನು ರಮ್ಮಿನಲ್ಲಿ ಬೇರೆ ನೆನೆಸಿರುತ್ತಾರೆ. ಚಾಕೊಲೇಟ್ ಕೂಡ ಬೇಡ, ಕಪ್ಪಾದಷ್ಟೂ ಅಪಾಯ. ತಿಂದದ್ದು ಗೊತ್ತಾದರೆ ವಾಂತಿಯಾಗಲಿ ಅಂತ ಉಪ್ಪುನೀರು ಕುಡಿಸಬೇಡಿ, ಉಪ್ಪೇ ವಿಷವಾದೀತು. ಫೋನ್ ಮಾಡಿ ಡಾಕ್ಟರಲ್ಲಿಗೆ ಹೊರಡಿ, ಒಂದೆರಡು ಗಂಟೆಯೊಳಗಾದರೆ ಅವರು ವಾಂತಿ ಮಾಡಿಸಿ ಹೊರತೆಗೆಯಬಹುದು.

ವೈರ್ ವಿಷಯಕ್ಕೆ ಬಂದರೆ, 1882ರಲ್ಲಿ ನ್ಯೂಯಾರ್ಕಿನ ಮನೆಯೊಂದರಲ್ಲಿ ಎಡಿಸನ್ ಅವರ ಜೊತೆಗಾರ ಎಡ್ವರ್ಡ್ ಜಾನ್ಸನ್ ಟ್ರೀಗೆ 80 ಬಲ್ಬ್ ಕಟ್ಟುವ ಮುಂಚೆ ಎಲ್ಲರೂ ಹಚ್ಚುತ್ತಿದ್ದದ್ದು ಮೇಣದಬತ್ತಿ. ನಾಯಿಮರಿ ಇರುವ ಮನೆಗೆ ಅದಕ್ಕಿಂತ ಇದು ವಾಸಿ. ಆದರೂ ಮರಿಗೆ ಹಲ್ಲು ಬರುವ ಕಾಲ, ಸಿಕ್ಕಿದ್ದೆಲ್ಲ ಕಚ್ಚುತ್ತದೆ. ಬ್ಯಾಟರಿ ಲೈಟ್ ತನ್ನಿ, ಬ್ಯಾಟರಿ ಡಬ್ಬವನ್ನು ಮೇಲೆ ಕಟ್ಟಿ. ಪ್ಲಗ್ಗಿನದೇ ಬೇಕೆಂದರೆ ಕೆಳಗಿನ ವೈರನ್ನು ಪಿವಿಸಿ ಪೈಪಿನೊಳಗೆ ತೂರಿಸಿ, ಮನೆಯಲ್ಲಿ ಯಾರೂ ಇಲ್ಲದಾಗ ಪ್ಲಗ್ ಕಿತ್ತಿಡಿ.

ಪ್ರಶ್ನೆ: ಟ್ರೀ ಪಕ್ಕ ಕೆಂಪೆಲೆಯ ಪಾಯಿನ್ಸೆಟಿಯಾ ಕುಂಡ ಇಡಬೇಕೆಂದಿದ್ದೇನೆ. ಬೆಕ್ಕು ಸಾಯುತ್ತದೆ ಅಂತ ಹೆದರಿಸುತ್ತಾರೆ.
– ಓದುಗರು, ಮೈಸೂರು

ಉತ್ತರ: ಸುಮ್ನೆ ಹೆದರಿಸುತ್ತಾರೆ. ಅದರ ಹಾಲಿನಿಂದ ಬಾಯಿ ಉರಿಯಬಹುದು, ಜೊಲ್ಲು ಸುರಿಯಬಹುದು, ಒಂದೆರಡು ವಾಂತಿಯೂ ಆಗಬಹುದು, ಸಾಯುವುದಿಲ್ಲ. ಬೊಕೆಯಲ್ಲಿ ಲಿಲ್ಲಿ ಹೂವು ಬಂದರೆ ಮಾತ್ರ ಬಾಗಿಲಲ್ಲೇ ಪಕ್ಕದ ಮನೆಯವರಿಗೆ ಕೊಟ್ಟುಬಿಡಿ. ಅದರ ಪರಾಗ ಮೈಗೆ ಅಂಟಿ, ಬೆಕ್ಕು ನೆಕ್ಕಿಕೊಂಡರೂ ಕಿಡ್ನಿ ಹೋಗುತ್ತದೆ. ಪಕ್ಕದ ಮನೆಯಲ್ಲೂ ಬೆಕ್ಕಿದೆಯಾ ಅಂತ ಮೊದಲು ಕೇಳಿ.