ಆರ್ಥಿಕ ಬಿಕ್ಕಟ್ಟಿನಲ್ಲಿ ಅರ್ಥಶಾಸ್ತ್ರ ಕೈ ಹಿಡಿಯುತ್ತಾ? ಕೊಡಗಿನ ಕಾಫಿ ಕಣದಿಂದ ಒಂದು ಉತ್ತರ

"ಆರ್ಥಿಕ ಬಿಕ್ಕಟ್ಟು ಬಂದಾಗ ಅರ್ಥಶಾಸ್ತ್ರಜ್ಞರ ವಿಚಾರ, ಮಂಡಳಿ, ಸಹಕಾರ ಸಂಘ ಇವೆಲ್ಲ ನಿಜಕ್ಕೂ ಜನರ ಕೈ ಹಿಡಿಯುತ್ತವಾ, ಇಲ್ಲ ಪರೀಕ್ಷೆಗೆ ಓದೋಕಷ್ಟೇನಾ?" ಅಂತ ಕೇಳಿದ್ದೀರಿ. ನಾನು ಕೊಡಗಿನ ಸಿದ್ದಾಪುರದ ಕಡೆಯವನು. ಮನೆಯಲ್ಲಿ ಏಳು ಎಕರೆ ರೋಬಸ್ಟಾ ಜಾತಿಯ ಕಾಫಿ ತೋಟ ಇದೆ. ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ನನ್ನ ಉತ್ತರ, ಕೈ ಹಿಡಿಯುತ್ತವೆ. ಆದರೆ ಒಂದು ವ್ಯವಸ್ಥೆಯನ್ನು ತೆಗೆಯುವ ಮೊದಲು ಅದು ಏನೇನು ಕೆಲಸ ಮಾಡುತ್ತಿತ್ತು ಅಂತ ಯಾರಾದರೂ ಕೂತು ಪಟ್ಟಿ ಮಾಡಿರಬೇಕು. ನಮ್ಮ ಕಾಫಿಯಲ್ಲಿ ಹಾಗೆ ಆಗಲಿಲ್ಲ.

ಕಾಫಿಯ ಸರ್ಕಾರಿ ಮಂಡಳಿಯಾದ ಕಾಫಿ ಬೋರ್ಡ್ ಹುಟ್ಟಿದ್ದೇ ಬಿಕ್ಕಟ್ಟಿನಲ್ಲಿ. 1930ರ ದಶಕದ ಮಹಾ ಕುಸಿತದಲ್ಲಿ ದರ ಬಿದ್ದಾಗ, 1935ರಲ್ಲಿ ಕಾಫಿಯ ಮೇಲೆ ಸೆಸ್, ಅಂದರೆ ವಿಶೇಷ ತೆರಿಗೆ ಹಾಕುವ ಕಾನೂನು ಬಂತು. ದೇಶದೊಳಗೇ ಜನ ಕಾಫಿ ಕುಡಿಯಲಿ ಅಂತ ಆ ದುಡ್ಡಲ್ಲಿ ಇಂಡಿಯಾ ಕಾಫಿ ಹೌಸ್‌ಗಳು ಶುರುವಾದವು. ಆಮೇಲೆ ಯುದ್ಧ ಬಂತು, ಯುರೋಪಿನ ಮಾರುಕಟ್ಟೆ ಮುಚ್ಚಿತು. 1942ರ ಕಾನೂನಿನಿಂದ ಬೋರ್ಡ್ ಮತ್ತು 'ಪೂಲ್' ಗಟ್ಟಿಯಾದವು. ಬೆಳೆಗಾರ ತನ್ನ ಕಾಫಿಯನ್ನೆಲ್ಲ ಪೂಲ್‌ಗೆ ಕೊಡಬೇಕಿತ್ತು. ಬೋರ್ಡ್ ಗ್ರೇಡ್ ಮಾಡಿ ಹರಾಜು ಹಾಕುತ್ತಿತ್ತು. ಬಂದ ಹಣವನ್ನು ಗುಣಮಟ್ಟಕ್ಕೆ ಕೊಟ್ಟ ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ಹಂಚುತ್ತಿತ್ತು.

ಕಂತಿಗೆ ಕಾಯುವುದು ಸುಲಭ ಇರಲಿಲ್ಲ. ತಾನು ಬೆಳೆದ ಕಾಫಿಯನ್ನು ತಾನೇ ಮಾರುವ ಹಕ್ಕು ಬೇಕು ಅಂತ ಬೆಳೆಗಾರರು ಕೇಳಿದ್ದು ಸರಿಯಾಗಿಯೇ ಇತ್ತು. ಅದನ್ನು ನಾನು ಇವತ್ತಿಗೂ ತಪ್ಪು ಅನ್ನುವುದಿಲ್ಲ.

ಅದೇ ಹೊತ್ತಿಗೆ ಹೊರಗಿನ ಗಾಳಿಯೂ ಬದಲಾಯಿತು. ದೇಶ ದೇಶಗಳ ನಡುವೆ ರಫ್ತು ಕೋಟಾ ಹಂಚುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದ 1989ರ ಜುಲೈನಲ್ಲಿ ಮುರಿದು ಬಿತ್ತು. ಮಾರುಕಟ್ಟೆ ಪರ ಸುಧಾರಣೆಗಳ ಪಟ್ಟಿಯೊಂದಕ್ಕೆ 'ವಾಷಿಂಗ್ಟನ್ ಒಮ್ಮತ' ಅನ್ನುವ ಹೆಸರು ಹುಟ್ಟಿದ್ದೂ ಅದೇ ವರ್ಷ. ಬೆಲೆಯನ್ನು ಮಾರುಕಟ್ಟೆಗೆ ಬಿಡಿ, ಉಳಿದದ್ದು ದಾರಿಗೆ ಬರುತ್ತದೆ ಅನ್ನುವ ವಿಚಾರಕ್ಕೆ ಆಗ ದೊಡ್ಡ ಬೆಲೆ ಇತ್ತು. 1991ರಲ್ಲಿ ನಮ್ಮ ವಿದೇಶಿ ವಿನಿಮಯ ಬಹುತೇಕ ಬರಿದಾಯಿತು, ಉದಾರೀಕರಣ ಬಂತು. 1992ರಿಂದ ಪೂಲ್ ಹಂತ ಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಹೊಡೆದು ದರ ಜೋರಾಗಿ ಏರಿತು. ಸ್ವಾತಂತ್ರ್ಯ ಬಂತು, ದುಡ್ಡೂ ಬಂತು. ಎರಡನೆಯದಕ್ಕೆ ಮೊದಲನೆಯದೇ ಕಾರಣ ಅಂತ ನಾವೆಲ್ಲ ನಂಬಿದೆವು. ಹೂಮಳೆ ಕೈಕೊಟ್ಟರೂ ಹೂ ಅರಳಿಸಬಹುದು ಅಂತ ಅಪ್ಪ ಸಾಲ ಮಾಡಿ ಸ್ಪ್ರಿಂಕ್ಲರ್ ಸೆಟ್ ಹಾಕಿಸಿದರು.

ವಿಯೆಟ್ನಾಂ ಅಷ್ಟರಲ್ಲಿ ರೋಬಸ್ಟಾ ಬೆಳೆದು ಬೆಳೆದು ಜಗತ್ತಿನ ಎರಡನೇ ಸ್ಥಾನಕ್ಕೆ ಬಂದಿತ್ತು. 2001ರಲ್ಲಿ ಜಾಗತಿಕ ದರ ಪೌಂಡಿಗೆ 50 ಸೆಂಟ್‌ಗಿಂತ ಕೆಳಗಿಳಿಯಿತು. ನಮ್ಮಲ್ಲಿ ಮೆಣಸಿನ ದರವೂ ಆಗಲೇ ಬಿದ್ದಿತ್ತು. ಗೊಬ್ಬರ ನಿಂತಿತು, ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ ನಿಂತಿತು. ಲೈನ್ ಮನೆಯ ತೋಟದ ಕಾರ್ಮಿಕರಿಗೆ ವಾರದಲ್ಲಿ ಎರಡು ದಿನ ಕೆಲಸ ಸಿಕ್ಕರೆ ಜಾಸ್ತಿ. ಸ್ಪ್ರಿಂಕ್ಲರಿನ ಸಾಲ ಮಾತ್ರ ಹಾಗೇ ಇತ್ತು.

ಆ ವರ್ಷದ ಒಂದು ಬೆಳಿಗ್ಗೆ ನನಗೆ ಮರೆಯುವುದಿಲ್ಲ. ವ್ಯಾಪಾರಿಯೊಬ್ಬರು ಜೀಪಿನಲ್ಲಿ ಕಣಕ್ಕೆ ಬಂದರು. ಒಂದು ಹಿಡಿ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಒಡೆದು ನೋಡಿ ಔಟ್‌ಟರ್ನ್ ಇಷ್ಟು ಅಂದರು. ಅಂದರೆ ಒಂದು ಮೂಟೆ ಚೆರ್ರಿಗೆ ಎಷ್ಟು ಕೆ.ಜಿ. ಕಾಳು ಬರುತ್ತದೆ ಅಂತ. ಲಂಡನ್ ಮಾರುಕಟ್ಟೆಯ ರೋಬಸ್ಟಾ ದರ ಅವರಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ. ಔಟ್‌ಟರ್ನ್ ಸರಿನಾ ಅಂತ ನೋಡುವ ದಾರಿಯೂ ಇರಲಿಲ್ಲ. ಅಪ್ಪ ಸುಮ್ನೆ ತಲೆ ಆಡಿಸಿದರು. ಅದೇ ವರ್ಷ ಸ್ಟಿಗ್ಲಿಟ್ಸ್, ಅಕೆರ್‌ಲಾಫ್, ಸ್ಪೆನ್ಸ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆ ಹೇಗೆ ಸೊಟ್ಟಗಾಗುತ್ತದೆ ಅನ್ನುವುದೇ ಅವರ ವಿಷಯ. ಮುಂದೆ ಅದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಕಣ.

ಆಗ ತಿಳಿಯಿತು. ಪೂಲ್ ಬರೀ ಕಾಫಿ ಮಾರುತ್ತಿರಲಿಲ್ಲ. ನಮ್ಮ ಪರವಾಗಿ ತೂಕ, ಗ್ರೇಡ್ ನೋಡುತ್ತಿತ್ತು. ದರದ ಏರಿಳಿತವನ್ನು ಎಲ್ಲರಿಗೂ ಹಂಚಿ ಹಗುರ ಮಾಡುತ್ತಿತ್ತು. ತಡವಾದ ಕಂತು ಎಲ್ಲರ ಕಣ್ಣಿಗೆ ಕಾಣುತ್ತಿತ್ತು, ಈ ಕೆಲಸಗಳು ಕಾಣುತ್ತಿರಲಿಲ್ಲ. ಮಾರಾಟವನ್ನು ಮುಕ್ತ ಮಾಡಿಯೂ ಇವನ್ನು ಬೇರೆ ಯಾರಿಗಾದರೂ ವಹಿಸಬಹುದಿತ್ತು ಅಲ್ವಾ? ವಿದ್ವಾಂಸರು ಎಚ್ಚರಿಸಿರಲಿಲ್ಲ ಅನ್ನುವಂತೆಯೂ ಇಲ್ಲ. ಮಾರುಕಟ್ಟೆಯ ಬೆನ್ನಿಗೆ ನಿಯಮ, ಸಂಸ್ಥೆ ಬೇಕು ಅಂದ ಡಗ್ಲಸ್ ನಾರ್ತ್‌ಗೆ 1993ರಲ್ಲೇ ನೊಬೆಲ್ ಬಂದಿತ್ತು. ನೀತಿ ಮಾಡಿದವರು ಅವಸರದಲ್ಲಿ ಸುಲಭದ ಅರ್ಧ ವಿಚಾರವನ್ನಷ್ಟೇ ತೆಗೆದುಕೊಂಡರು. ಸಣ್ಣ ಬೆಳೆಗಾರರ ಸಾಲ ಪರಿಹಾರದ ಪ್ಯಾಕೇಜ್ ಬಂದದ್ದು 2010ರಲ್ಲಿ. 2001ರಿಂದ ಲೆಕ್ಕ ಹಾಕಿದರೆ ಒಂಬತ್ತು ವರ್ಷ, ಒಂದು ಮನೆಗೆ ಬಹಳ ದೀರ್ಘ.

ಹಾಗಂತ ಹಳೇ ಪೂಲ್ ವಾಪಸ್ ಬರಲಿ ಅಂತ ನಾನು ಹೇಳುವುದಿಲ್ಲ. 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ ತೋರಿಸಿದ ದಾರಿ ನನಗೆ ಹತ್ತಿರ. ಸರ್ಕಾರ, ಮಾರುಕಟ್ಟೆ ಎರಡನ್ನೂ ಬಿಟ್ಟು ಜನರೇ ನಿಯಮ ಮಾಡಿಕೊಂಡು ಸಾಮೂಹಿಕ ಆಸ್ತಿಯನ್ನು ಕಾಯಬಲ್ಲರು ಅಂದವರು ಅವರು. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾವಿರಕ್ಕೂ ಹೆಚ್ಚು ದೇವರಕಾಡು ಇಲ್ಲಿವೆ. ಊರು ಕಾಯ್ದ ಕಡೆ ಕಾಡು ಇನ್ನೂ ನಿಂತಿದೆ.

2024-25ರಲ್ಲಿ ರೋಬಸ್ಟಾ ಹಿಂದೆಂದೂ ಕಾಣದ ದರ ಕಂಡಿತು. ಕೈಯಲ್ಲಿ ದುಡ್ಡಿರುವಾಗಲೇ ಶುರು ಮಾಡೋಣ ಅಂತ ನಾವು ಅಕ್ಕಪಕ್ಕದ ಹನ್ನೊಂದು ಮನೆಯವರು ಸೇರಿ ತೇವಾಂಶ ನೋಡುವ ಮೀಟರ್, ಒಂದು ತೂಕದ ಯಂತ್ರ ತಗೊಂಡೆವು. ಯಾರ ಮನೆಗೆ ಮೊದಲು ಅನ್ನುವುದಕ್ಕೇ ಎರಡು ಸಭೆ ಬೇಕಾಯಿತು. ಕೊನೆಗೆ ಚೀಟಿ ಎತ್ತಿದೆವು. ಈ ಸಲ ಮಾರುವ ಮೊದಲು ಔಟ್‌ಟರ್ನ್ ನಾವೇ ತೆಗೆದು ಪುಸ್ತಕದಲ್ಲಿ ಬರೆದಿಟ್ಟೆವು. ಮೂಟೆಗೆ ಇಷ್ಟು ಅಂತ ಎತ್ತಿಟ್ಟು ದರ ಬಿದ್ದ ವರ್ಷಕ್ಕೆ ಒಂದು ನಿಧಿ ಮಾಡುವ ಮಾತು ಇನ್ನೂ ನಡೆಯುತ್ತಿದೆ. ನಾಲ್ಕು ಮನೆಯವರು ಒಪ್ಪಿಲ್ಲ. ಮುಂದಿನ ಭಾನುವಾರ ಮತ್ತೆ ಸೇರುತ್ತಿದ್ದೇವೆ.